ನಲವತ್ತು ಚಮಚ ನೀರು

ಕೆಂಪು ಬಳಿದ ಬೆನ್ನು, ಇನ್ನೊಂದು ಕೆಂಪು, ನೀಲಿ, ಇದು ಬೇರೆಯವರ ಮಂದೆ, ಮತ್ತೆ ಕೆಂಪು — ಕುರಿಗಳು ವ್ಯಾನಿನ ಎರಡೂ ಮಗ್ಗುಲು ಉಜ್ಜಿಕೊಂಡು ಮುಂದೆ ಹೋಗಿ ಮತ್ತೆ ಒಂದಾಗುತ್ತಿವೆ, ಹೊಳೆಯ ನಡುವಿನ ಬಂಡೆ ಆಗಿಬಿಟ್ಟಿದ್ದೇನೆ ನಾನು, ಎಷ್ಟು ಬೆನ್ನು, ದೇವರೇ, ಎಷ್ಟೊಂದು ಬೆನ್ನು, ಚಳಿಗಾಲವೆಲ್ಲ ಕೊಟ್ಟಿಗೆಯಲ್ಲಿ ಮುದುರಿ ಕೆಮ್ಮುತ್ತ ಬಿದ್ದಿದ್ದವು ಇವೇನಾ, ಈಗ ನೋಡಿದರೆ ಮದುವೆ ದಿಬ್ಬಣದ ಹಾಗೆ ತಲೆ ಎತ್ತಿಕೊಂಡು ಹೊರಟಿವೆ, ಘಾಟಿಯ ಆಚೆ ಹುಲ್ಲು ಎದ್ದಿದೆ ಎಂದು ಇವಕ್ಕೆ ಹೇಳಿದವರು ಯಾರು, ನಮಗಿಂತ ಮುಂಚೆ ಇವಕ್ಕೇ ಗೊತ್ತಾಗುತ್ತದಲ್ಲ — ಮುಳ್ಳು, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನೋಡು ತೆಂತಿಮಿಶ್, ಕುರಿ ಆಮೇಲೆ ನೋಡುವೆಯಂತೆ, ತೊಂಬತ್ತು ದಾಟಿ ಕೆಂಪು ಗೆರೆಯ ಕಡೆಗೆ ಮುಖ ಮಾಡಿದೆ, ಸಣ್ಣಗೆ ನಡುಗುತ್ತಿದೆ, ನಡುಗಲಿ, ನಡುಗುವ ಮುಳ್ಳು ಬದುಕಿರುವ ಮುಳ್ಳು. ಮುಂದೆ ಕಲ್ಲಿದ್ದಲಿನ ಲಾರಿ, ಅದರ ಮುಂದೆ ಡೇರೆಯ ಕೋಲುಗಳನ್ನು ಹೇರಿಕೊಂಡ ಇನ್ನೊಂದು ಲಾರಿ, ಅದರ ಮುಂದೆ ಏನಿದೆಯೋ ದೂಳಿನಲ್ಲಿ ಕಾಣುವುದಿಲ್ಲ, ತೋ ಅಶೂ ಘಾಟಿ ಹತ್ತುವವರೆಲ್ಲ ಇವತ್ತೇ ಹೊರಟಿದ್ದಾರೆ, ಜೂನ್ ತಿಂಗಳ ಬಿಸಿಲು ಎರಡು ಬೆಟ್ಟದ ನಡುವೆ ಇಳಿದು ಮೇಲೇಳಲಾರದೆ ಇಲ್ಲೇ ಕೂತಿದೆ, ಹಾರ್ನ್ ಹೊಡೆಯುವ ಹಾಗಿಲ್ಲ, ಮಂದೆಗೆ ಹಾರ್ನ್ ಹೊಡೆಯುವವನು ನಮ್ಮವನೇ ಅಲ್ಲ, ನಾವು ಕಾಯುತ್ತೇವೆ, ಒಂದು ಮಾರು ಮುಂದೆ, ನಿಲ್ಲು, ಇನ್ನೊಂದು ಮಾರು, ನಿಲ್ಲು. ಹಿಂದಿನ ಬೆಂಚಿನಲ್ಲಿ ಎನೆ, ನನ್ನ ತಾಯಿ, ಅವಳ ಪಕ್ಕ ನನ್ನ ಸೊಸೆ ಜಿಬೆಕ್, ಜಿಬೆಕಳ ಮಡಿಲಲ್ಲಿ ಅವಳು, ಇವತ್ತಿಗೆ ನಲವತ್ತು ದಿನದವಳು, ಆಚೆ ಸೂಸಾಮಿರ್ ಹುಲ್ಲುಗಾವಲಿನಲ್ಲಿ ಮಗ ಕುಬಾತ್ ಡೇರೆ ಹಾಕಿ, ಕುರಿ ಕಡಿದು, ದಾರಿ ನೋಡುತ್ತಿದ್ದಾನೆ, ನೆಂಟರೆಲ್ಲ ನೋಡುತ್ತಿದ್ದಾರೆ, ನಲವತ್ತನೆಯ ದಿನ ಮಗುವಿನ ಮೇಲೆ ನಲವತ್ತು ಚಮಚ ನೀರು ಹೊಯ್ಯಬೇಕು, ಹೊತ್ತು ಮುಳುಗುವುದರೊಳಗೆ ಹೊಯ್ಯಬೇಕು, ಅದಕ್ಕೆ ಈ ಬ್ರೆಡ್ಡು ಘಾಟಿ ಹತ್ತಬೇಕು, ಕುದಿಯದೆ ಹತ್ತಬೇಕು.

ಬ್ರೆಡ್ಡು ಎಂದೇ ಊರೆಲ್ಲ ಈ ವ್ಯಾನನ್ನು ಕರೆಯುವುದು, ಅಚ್ಚಿನಿಂದ ಈಗ ತಾನೆ ಕೆಡವಿದ ಬ್ರೆಡ್ಡಿನದೇ ಆಕಾರ, ನನ್ನ ಅಪ್ಪ ಸರ್ಕಾರಿ ಫಾರಮ್ಮಿನ ಹಾಲು ಸಾಗಿಸಿದ್ದು ಇದರಲ್ಲೇ, ಫಾರಮ್ಮು ಮುಚ್ಚಿತು, ದೇಶದ ಹೆಸರೇ ಬದಲಾಯಿತು, ಅಪ್ಪನೂ ಹೋದ, ಇದು ಮಾತ್ರ ಇನ್ನೂ ಕೀಲಿ ತಿರುಗಿಸಿದರೆ ಓ ಎನ್ನುತ್ತದೆ. ಎಂಜಿನ್ನು ಮುಂದೆ ಎಲ್ಲೋ ಇಲ್ಲ, ನನ್ನ ಬಲ ತೊಡೆಯ ಪಕ್ಕದಲ್ಲೇ ತಗಡಿನ ಪೆಟ್ಟಿಗೆಯೊಳಗೆ ಕೂತಿದೆ, ಮೇಲೆ ಕಂಬಳಿ ಹೊದಿಸಿದ್ದೇನೆ, ಚಳಿಗಾಲದಲ್ಲಿ ಅದರ ಮೇಲೆ ಚಹಾದ ಪಾತ್ರೆ ಇಟ್ಟು ಬಿಸಿ ಮಾಡಿಕೊಂಡದ್ದುಂಟು, ಈಗ ನನ್ನ ತೊಡೆಯನ್ನೇ ಬೇಯಿಸುತ್ತಿದೆ, ಬೇಯಿಸು ಮಾರಾಯ, ಕುದಿಯಬೇಡ ಅಷ್ಟೇ. ಎಂಥ ಸೋಜಿಗದ ಪ್ರಾಣಿ ಇದು, ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಸುತ್ತ ನೀರು ಓಡಿಸಿಕೊಂಡು ಬದುಕುತ್ತದೆ, ಒಂದು ಬೆರಳಿನಷ್ಟು ಆಚೆ ಬೆಂಕಿ, ಒಂದು ಬೆರಳಿನಷ್ಟು ಈಚೆ ನೀರು, ಎಷ್ಟು ವರ್ಷ ಬಿಚ್ಚಿ ಕಟ್ಟಿದರೂ ನನಗೆ ಇದು ಇನ್ನೂ ಪೂರ್ತಿ ನಂಬಲಾಗುವುದಿಲ್ಲ. ಓಡುತ್ತಿದ್ದರೆ ಎದುರುಗಾಳಿ ತಾನಾಗಿ ಬಂದು ರೇಡಿಯೇಟರಿಗೆ ಬೀಸುತ್ತದೆ, ನಿಂತರೆ ಬೀಸುವವರಿಲ್ಲ, ಆಗ ಅಪ್ಪನ ಮಾತೇ ಗತಿ — ಲಾರಿ ಬಾಲಕ್ಕೆ ಅಂಟ್ಕೊಂಡು ಹೋಗ್ಬೇಡ ಕಣೋ, ಅದರ ಹೊಗೇನೂ ಬಿಸಿ, ಜಾಗ ಬಿಡು, ಜಾಗ ಆದ್ಮೇಲೆ ಒಂದೇ ಸಲ ಹೋಗು, ನಿಂತಾಗ ನ್ಯೂಟ್ರಲ್ಲಿಗೆ ಹಾಕಿ ಆಕ್ಸಿಲರೇಟರ್ ಒಂಚೂರು ಒತ್ತು, ಫ್ಯಾನು ತಿರುಗ್ಲಿ, ನೀರು ಓಡ್ಲಿ, ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತು, ಕುದಿಯೋವಾಗ ಮುಚ್ಚಳ ತೆಗೆದ್ಯೋ ಮುಖ ಹೋಯ್ತು ಅಂತ ತಿಳ್ಕೋ, ಬಿಸಿ ಏರಿದಾಗ ಎಂಜಿನ್ ಆಫ್ ಮಾತ್ರ ಮಾಡ್ಬೇಡ, ಆಫ್ ಮಾಡಿದ್ರೆ ನೀರು ನಿಲ್ಲುತ್ತೆ, ನಿಂತ ನೀರು ಕುದಿಯುತ್ತೆ. ಯಾವುದೂ ಆಗ್ಲಿಲ್ವಾ, ಹೀಟರ್ ಹಾಕು. ಬೇಸಿಗೇಲಿ ಹೀಟರಾ ಎಂದು ನಾನು ಹಲ್ಲು ಕಿಸಿದಿದ್ದೆ. ನಗು ನಗು, ಅದರ ಜ್ವರಾನ ನೀನು ಹಂಚ್ಕೊಂಡ್ರೆ ಅದು ಬದುಕುತ್ತೆ, ಬೆವರಿದ್ರೆ ನೀನೇನು ಸಾಯಲ್ಲ. ಈಗ ಹಾಕಿದ್ದೇನೆ ಅಪ್ಪ, ಪೂರಾ ಹಾಕಿದ್ದೇನೆ, ಕಾಲಿನ ಬಳಿ ಒಲೆಯ ಬಾಯಿ ತೆಗೆದ ಹಾಗಿದೆ, ಹೀಟರಿನ ಫ್ಯಾನಿನ ಸದ್ದಿಗೆ ನನ್ನ ಕೆಮ್ಮು ನನಗೇ ಕೇಳಿಸುತ್ತಿಲ್ಲ, ಬೆವರು ಕಣ್ಣಿಗಿಳಿಯುತ್ತಿದೆ, ಮುಳ್ಳು — ನಿಂತಿದೆ, ಮೇಲೂ ಇಲ್ಲ, ಕೆಳಗೂ ಇಲ್ಲ, ಯೋಚನೆ ಮಾಡುತ್ತಿದೆ.

ಕಿಟಕಿ ತೆಗೆದರೆ ಎಷ್ಟೋ ವಾಸಿ, ತೆಗೆಯುವ ಹಾಗಿಲ್ಲ, ಘಾಟಿಯ ಬುಡದಲ್ಲಿ ನನ್ನ ಪಕ್ಕದ ಗಾಜನ್ನು ನಾಲ್ಕು ಬೆರಳಷ್ಟು ಸರಿಸಿದ್ದಕ್ಕೇ ಹಿಂದಿನಿಂದ ಎನೆಯ ದನಿ, ಮುಚ್ಚೋ ಕತ್ತೆ, ಮಗೂಗೆ ಗಾಳಿ ಹೊಡೆಯುತ್ತೆ. ಎನೆ, ಹೀಟರ್ ಹಾಕಿದೀನಿ, ಒಳಗೆ ಬೆಂದು ಹೋಗ್ತೀವಿ. ಬೇಯೋನು ನೀನು ಬೇಯಿ, ಬಿಸಿಗೆ ಯಾವ ಮಗೂನೂ ಸತ್ತಿಲ್ಲ, ಅಡ್ಡಗಾಳಿಗೆ ಸತ್ತಿವೆ. ಅಲ್ಲಿಗೆ ಮುಗಿಯಿತು, ಅಡ್ಡಗಾಳಿ ಎಂದರೆ ನಮ್ಮ ಜನ ಪಿಶಾಚಿಯ ಹೆಸರು ಕೇಳಿದ ಹಾಗೆ ನಡುಗುತ್ತಾರೆ, ಬಸ್ಸಿನಲ್ಲಿ ಬೆವರಿ ಮೂರ್ಛೆ ಹೋಗುತ್ತೇವೆಯೇ ಹೊರತು ಕಿಟಕಿ ತೆಗೆಯುವುದಿಲ್ಲ, ಆದರೆ ಎನೆಯ ಭಯ ಬರೀ ಬಾಯಿಮಾತಿನದಲ್ಲ, ನನಗೆ ಗೊತ್ತು, ನನಗಿಂತ ಮುಂಚೆ ಒಬ್ಬಳು ಹುಟ್ಟಿದ್ದಳು, ಇದೇ ಘಾಟಿಯಲ್ಲಿ, ಕುದುರೆಯ ಮೇಲೆ ತೊಟ್ಟಿಲು ಬಿಗಿದುಕೊಂಡು ಹುಲ್ಲುಗಾವಲಿಗೆ ಹೋಗುವಾಗ ಗಾಳಿ ಎದ್ದಿತಂತೆ, ರಾತ್ರಿ ಕೆಮ್ಮು, ಬೆಳಗಾಗುವುದರೊಳಗೆ ಮುಗಿದುಹೋಯಿತಂತೆ, ಎನೆ ನನಗೆ ಒಂದೇ ಒಂದು ಸಲ ಹೇಳಿದ್ದಾಳೆ, ಹಾಲು ಕರೆಯುತ್ತ, ನನ್ನ ಕಡೆ ತಿರುಗದೆ. ಅದಕ್ಕೇ ಕಿಟಕಿ ಮುಚ್ಚಿದೆ. ಅದಕ್ಕೇ ಮಗುವಿಗೆ ಉಣ್ಣೆಯ ಟೋಪಿ, ಮೂರು ಸುತ್ತು ಬಟ್ಟೆ, ಮೇಲೆ ಹತ್ತಿಯ ಹೊದಿಕೆ. ತಮಾಷೆ ನೋಡು, ಮಗುವಿಗೆ ಸಾಲ್ಕಿನ್ ಎಂದು ಹೆಸರಿಟ್ಟವಳೂ ಎನೆಯೇ, ಸಾಲ್ಕಿನ್ ಎಂದರೆ ತಂಗಾಳಿ, ತಂಗಾಳಿ ಎಂದು ಹೆಸರಿಟ್ಟು ಗಾಳಿ ಸೋಕದ ಹಾಗೆ ಸುತ್ತಿಟ್ಟಿದ್ದಾಳೆ. ಅವಳ ಎರಡು ಪಾದಗಳ ನಡುವೆ ಅಲ್ಯೂಮಿನಿಯಮ್ಮಿನ ಹಾಲಿನ ಕ್ಯಾನು, ಅದರಲ್ಲಿ ಹಾಲಿಲ್ಲ, ನಮ್ಮ ಮನೆಯ ಹಿಂದಿನ ಬುಗ್ಗೆಯ ನೀರು, ಬೆಳಕು ಹರಿಯುವಾಗ ತಾನೇ ಹೋಗಿ, ಯಾರನ್ನೂ ಮಾತಾಡಿಸದೆ ತುಂಬಿಸಿಕೊಂಡು ಬಂದಳು, ಆಚೆಯ ಹೊಳೆಯ ನೀರು ಆಗುವುದಿಲ್ಲವಂತೆ, ಹುಟ್ಟಿದ ಮನೆಯ ನೀರೇ ಬೇಕಂತೆ, ಮುಚ್ಚಳಕ್ಕೆ ಬಿಳಿ ಬಟ್ಟೆ ಕಟ್ಟಿ ಮರದ ಚಮಚ ಸಿಕ್ಕಿಸಿದ್ದಾಳೆ, ಹೊರಡುವ ಮುಂಚೆ ನಾನು ಹತ್ತಿರ ಹೋದಾಗೆಲ್ಲ ಲಂಗದ ಅಂಚಿನಿಂದ ಮುಚ್ಚುತ್ತಿದ್ದಳು, ನಿನ್ನ ಕಣ್ಣು ಇದರ ಮೇಲಿದೆ ಅಂತ ನಂಗೊತ್ತು, ಈ ನೀರನ್ನ ನಿನ್ನ ಕಬ್ಬಿಣದ ಎಮ್ಮೆಗೆ ಕುಡಿಸಿದ್ರೆ ಕೈ ಕಡೀತೀನಿ.

ನನ್ನ ಎಮ್ಮೆಗೆ ನೀರು ಬೇಡ, ಇಷ್ಟು ವರ್ಷದಲ್ಲಿ ಘಾಟಿಯಲ್ಲಿ ಒಂದು ಸಲವೂ ಕುದಿದಿಲ್ಲ, ಅಪ್ಪನ ಕೈಯಲ್ಲಿ ಕುದಿಯಲಿಲ್ಲ, ನನ್ನ ಕೈಯಲ್ಲೂ ಕುದಿಯುವುದಿಲ್ಲ. ಕಲ್ಲಿದ್ದಲಿನ ಲಾರಿಯ ಡ್ರೈವರು ಇಳಿದು ಬಂದು ಗಾಜು ತಟ್ಟುತ್ತಾನೆ, ಮೂಗಿನ ತುದಿಯವರೆಗೆ ಮಸಿ, ಗಾಜಿಗೆ ಬಾಯಿ ಹಚ್ಚಿ ಕೂಗುತ್ತಾನೆ, ಏನ್ ಬಾಯ್ಕೆ, ಒಳಗೆ ಸ್ನಾನದ ಮನೆ ಇಟ್ಟಿದೀರಾ, ಗಾಜೆಲ್ಲ ಬೆವರ್ತಿದೆ. ಬಾಯ್ಕೆ ಎಂದರೆ ಅಣ್ಣ ಎಂದ ಹಾಗೆ, ಆದರೆ ಇವನ ಬಾಯಲ್ಲಿ ಮುದುಕ ಎಂದ ಹಾಗಿದೆ. ನೀರು ಬೇಕಾ, ಒಂದು ಕ್ಯಾನ್ ಇದೆ, ನಿಮ್ಮ ಬ್ರೆಡ್ಡು ಒಲೆಯೊಳಗೆ ಹೆಚ್ಚು ಹೊತ್ತು ಬಿಟ್ಟ ಹಾಗೆ ವಾಸನೆ ಹೊಡೀತಿದೆ. ನಿನ್ನ ಲಾರಿ ನೋಡ್ಕೋ ಹೋಗೋ ಮಸಿಮೋರೆ, ನನ್ನ ಬ್ರೆಡ್ಡು ಹುಟ್ಟಿದಾಗ ನಿಮ್ಮಪ್ಪ ಇನ್ನೂ ಕುರಿ ಕಾಯ್ತಿದ್ದ. ಈಗ್ಲೂ ಕಾಯ್ತಿದಾನೆ ಬಾಯ್ಕೆ, ಇವು ಅವನವೇ ಕುರಿ, ಎಂದು ನಗುತ್ತಾನೆ, ನಾನೂ ನಗುತ್ತೇನೆ, ಒಳ್ಳೆಯ ಹುಡುಗ, ನೀರು ಬೇಡ ಅಂದೆ, ಗಾಜು ಸರಿಸದೆಯೇ ಅಂದೆ. ಅವನ ಅಪ್ಪ ಅಲ್ಲಿ, ಕುದುರೆಯ ಮೇಲೆ, ಮಂದೆಯ ಬಾಲದಲ್ಲಿ, ಬಿಳಿ ಟೋಪಿ ಹಿಂದಕ್ಕೆ ಸರಿಸಿಕೊಂಡು ಒಂದು ಚಿಕ್ಕ ಮರಿಯನ್ನು ಜೀನಿನ ಮುಂದೆ ಅಡ್ಡ ಮಲಗಿಸಿಕೊಂಡಿದ್ದಾನೆ, ದಾರಿಯಲ್ಲೇ ಹುಟ್ಟಿದ್ದಿರಬೇಕು, ಇನ್ನೂ ಒದ್ದೆ. ಅವನ ಹಿಂದೆ ಬೆಟ್ಟ, ಬೆಟ್ಟದ ಹಿಂದೆ ಇನ್ನೊಂದು, ಅದರ ಮೇಲೆ ಹಿಮ, ಹಿಮದ ಮೇಲೆ ಏನೂ ಇಲ್ಲ, ಬರೀ ನೀಲಿ, ಪ್ರತಿ ವರ್ಷ ಬರುತ್ತೇನೆ, ಪ್ರತಿ ವರ್ಷವೂ ಇದೇ ತಿರುವಿನಲ್ಲಿ ಬಾಯಿ ಕಟ್ಟಿಹೋಗುತ್ತದೆ, ಇಷ್ಟು ದೊಡ್ಡದು ಇಷ್ಟು ಸುಮ್ಮನೆ ಹೇಗೆ ಕೂತಿರುತ್ತದೆ, ಯಾರಿಗೆ ಕೂತಿದೆ, ನಾವು ಕೆಳಗೆ ಇರುವೆಗಳ ಹಾಗೆ ಕಂಬಳಿ, ಪಾತ್ರೆ, ತೊಟ್ಟಿಲು, ಕೂಸು ಎಲ್ಲ ಹೊತ್ತುಕೊಂಡು ಅದರ ಬೆನ್ನು ಹತ್ತುತ್ತೇವೆ, ಅದು ಸುಮ್ಮನಿರುತ್ತದೆ. ರಸ್ತೆ ಪಕ್ಕದ ಡೇರೆಯ ಹೆಂಗಸೊಬ್ಬಳು ಬಟ್ಟಲು ಹಿಡಿದು ವಾಹನದಿಂದ ವಾಹನಕ್ಕೆ ಓಡುತ್ತಿದ್ದಾಳೆ, ವಲಸೆ ಹೊರಟವರು ಬಾಗಿಲ ಮುಂದೆ ಹಾದುಹೋದರೆ ಬಾಯಿ ಒದ್ದೆ ಮಾಡದೆ ಕಳಿಸುವ ಹಾಗಿಲ್ಲ, ಕುಡೀರಿ, ದಾರಿ ಬೆಳ್ಳಗಿರ್ಲಿ, ಮಜ್ಜಿಗೆ, ಎಷ್ಟು ತಣ್ಣಗಿರಬಹುದು, ನಮ್ಮ ಸರದಿ ಬರುವುದರೊಳಗೆ ಮುಂದಿನ ಲಾರಿ ಸರಿಯಿತು, ಸರಿಯಿತು, ಹೋಗು, ಈಗ ಹೋಗು, ಒಂದೇ ಸಲ.

ಎಂಟು ಹತ್ತು ಮಾರು ಹೋಗಿರಬೇಕು, ಮತ್ತೆ ನಿಂತೆವು, ನ್ಯೂಟ್ರಲ್, ಒಂಚೂರು ಆಕ್ಸಿಲರೇಟರ್, ಫ್ಯಾನು ಹೂಂ ಎನ್ನುತ್ತಿದೆ, ಹಿಂದೆ ಮಗು ಅಳುತ್ತಿದೆ, ಫ್ಯಾನಿನ ಸದ್ದಿನೊಳಗೆ ಸಣ್ಣ ದಾರದ ಹಾಗೆ ಅಳು. ನೋಡಬೇಕು ಅನ್ನಿಸುತ್ತದೆ, ನೋಡುವ ಹಾಗಿಲ್ಲ, ಹೊರಡುವಾಗಲೇ ಕನ್ನಡಿಯನ್ನು ಚಾವಣಿಗೆ ತಿರುಗಿಸಿಟ್ಟಿದ್ದೇನೆ, ಸೊಸೆ ಹಾಲು ಕೊಡುತ್ತಿರುತ್ತಾಳೆ, ಮಾವನ ಕಣ್ಣು ಕನ್ನಡಿಯಲ್ಲಿ ಕಂಡರೆ ಅವಳಿಗೆ ಹಾಲು ಇಳಿಯುತ್ತದೆಯೇ, ನನ್ನ ಕನ್ನಡಿಯಲ್ಲಿ ಈಗ ತಗಡು, ಎರಡು ಮೊಳೆ, ಅಪ್ಪನ ಕಾಲದ ಒಂದು ಹಾಲಿನ ಕಲೆ. ಜಿಬೆಕ್ ನಮ್ಮ ಮನೆಗೆ ಬಂದು ವರ್ಷದ ಮೇಲಾಯಿತು, ಅವಳ ದನಿ ನನಗೆ ಸರಿಯಾಗಿ ಗೊತ್ತಿಲ್ಲ, ಅತಾ, ಚಹಾ, ಅತಾ, ಊಟ, ಅಷ್ಟೇ, ಅತಾ ಎಂದರೆ ಅಪ್ಪ, ಅಷ್ಟನ್ನೂ ನೆಲ ನೋಡಿಕೊಂಡು, ಮಾವನ ಹೆಸರನ್ನಂತೂ ಸೊಸೆಯ ನಾಲಿಗೆ ಮುಟ್ಟುವ ಹಾಗೇ ಇಲ್ಲ, ನನ್ನ ತಾಯಿ ನನ್ನ ಅಜ್ಜನ ಹೆಸರನ್ನು ಅವನು ಸತ್ತ ಮೇಲೂ ಹೇಳಲಿಲ್ಲ, ಇವಳೂ ಹಾಗೆಯೇ, ಪಕ್ಕದ ಮನೆಯ ಪೋರನಿಗೂ ನನ್ನದೇ ಹೆಸರು, ತೆಂತಿಮಿಶ್, ಅದಕ್ಕೇ ಅವನನ್ನೂ ಏಯ್ ತುಂಟ ಎಂದು ಕರೆಯುತ್ತಾಳೆ. ಆದರೆ ಆ ದಿನ, ಆಸ್ಪತ್ರೆಯಿಂದ ತಂದ ದಿನ, ಮಗುವನ್ನು ನನ್ನ ಮುಂದೆ ಹಿಡಿದಳು, ನೆಲ ನೋಡಲಿಲ್ಲ, ನನ್ನನ್ನೇ ನೋಡಿದಳು, ನೋಡಿ ಅತಾ ಎನ್ನುವ ಹಾಗೆ, ನಾನು ನೋಡಿದೆ, ಮುಖ ಅಲ್ಲ, ಮುಖ ಎಲ್ಲ ಮಕ್ಕಳದೂ ಒಂದೇ, ನೆತ್ತಿ, ಕೂದಲ ನಡುವೆ ಬೆರಳ ತುದಿಯಷ್ಟು ಅಗಲದ ಆ ಮೆತ್ತಗಿನ ಜಾಗ, ಅಲ್ಲಿ ಮೂಳೆಯೇ ಇಲ್ಲ, ಬರೀ ಚರ್ಮ, ಅದು ಏಳುತ್ತದೆ, ಇಳಿಯುತ್ತದೆ, ಏಳುತ್ತದೆ, ಇಷ್ಟು ತೆಳು ಮುಚ್ಚಳ ಇಟ್ಟು ಜೀವ ಕಳಿಸುತ್ತಾರೆಯೇ, ಒಂದು ಬೆರಳು ಈಚೆ ಲೋಕ, ಒಂದು ಬೆರಳು ಆಚೆ ಅವಳು, ನಾನು ಟೋಪಿ ತೆಗೆದುಬಿಟ್ಟೆ, ಮಗುವಿನ ಮುಂದೆ, ಯಾರ ಮುಂದೆಯೂ ತೆಗೆಯದ ಟೋಪಿ, ಎನೆ ನಕ್ಕಳು, ತಲೆಕೆಟ್ಟಿದೆ ನಿಂಗೆ. ಕೆಟ್ಟಿತ್ತು, ಆಮೇಲೆ ಎಷ್ಟೋ ಸಲ ಎಂಜಿನ್ನಿನ ಪೆಟ್ಟಿಗೆ ತೆಗೆದು ನೀರಿನ ಪೈಪನ್ನು ಎರಡು ಬೆರಳಲ್ಲಿ ಹಿಡಿದು ಒಳಗೆ ನೀರು ಓಡುತ್ತಿದೆಯೇ ಎಂದು ಒತ್ತಿ ನೋಡುವಾಗ ಆ ನೆತ್ತಿಯೇ ನೆನಪಾಗಿದೆ, ಏಳುವುದು, ಇಳಿಯುವುದು.

ಇಳಿಯಿತು. ಮುಳ್ಳು ಇಳಿಯಿತು, ಸುಳ್ಳಲ್ಲ, ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆ, ಸೈ ಅಪ್ಪ, ನಿನ್ನ ಹೀಟರು, ಕಲ್ಲಿದ್ದಲಿನವನ ಮೂತಿ ನೋಡಬೇಕು ಈಗ, ಇನ್ನು ಇದನ್ನು ಹೀಗೇ ಹಿಡಿದಿಟ್ಟರೆ ಆ ಮುಂದಿನ ತಿರುವು, ತಿರುವು ದಾಟಿದರೆ ಗಾಳಿ, ಗಾಳಿ ಸಿಕ್ಕರೆ ಬ್ರೆಡ್ಡು ಹಾಡಿಕೊಂಡು ಹತ್ತುತ್ತದೆ, ಅಂಗಿ ಬೆನ್ನಿಗೆ ಅಂಟಿದೆ, ತುಟಿ ಉಪ್ಪಾಗಿದೆ, ಕಣ್ಣ ಮುಂದೆ ಆಗಾಗ ಕಪ್ಪು ಚುಕ್ಕಿ ತೇಲುತ್ತಿದೆ, ತೇಲಲಿ, ಅದರ ಜ್ವರ ನನಗೆ ಬಂದಿದೆ, ಹಂಚಿಕೊಂಡಿದ್ದೇನೆ, ಇನ್ನು ನಾಲ್ಕು ತಿರುವು, ಆಮೇಲೆ ಸುರಂಗ, ಆಮೇಲೆ ಇಳಿಜಾರು, ಹಸಿರು, ಕುಬಾತ್ ಕುದುರೆ ಓಡಿಸಿಕೊಂಡು ಎದುರಿಗೆ ಬರುತ್ತಾನೆ, ಎನೆ ನಲವತ್ತು ಮನೆಯಿಂದ ತುಂಡು ತುಂಡು ಬಟ್ಟೆ ಬೇಡಿ ತಂದು ಮಗುವಿಗೆಂದು ಹೊಲಿದ ಅಂಗಿಯನ್ನು ಗಂಟಿನಿಂದ ತೆಗೆಯುತ್ತಾಳೆ, ಹೆಂಗಸರೆಲ್ಲ ಸುತ್ತ ಕೂರುತ್ತಾರೆ, ಮೊದಲ ಚಮಚ — ಮಗು ಸುಮ್ಮನಾಯಿತು, ಅಳು ನಿಂತಿದೆ, ಒಳ್ಳೆಯದಾಯಿತು, ನಿದ್ದೆ ಬಂದಿರಬೇಕು, ಅಜ್ಜನ ಬ್ರೆಡ್ಡು ತೂಗಿದರೆ ಯಾರಿಗೆ ನಿದ್ದೆ ಬರುವುದಿಲ್ಲ, ಏನೋ ಸದ್ದು, ಅತಾ ಎಂದ ಹಾಗಾಯಿತು, ಇಲ್ಲ, ಫ್ಯಾನು, ಕುರಿಯ ಗಂಟೆ, ಮತ್ತೆ ಅತಾ, ಕುರಿಯೂ ಹಾಗೇ ಅನ್ನುತ್ತದೆ, ಮುಳ್ಳು ಇನ್ನೊಂದು ಕೂದಲೆಳೆ, ಬಾ ಬಾ ಕೆಳಗೆ ಬಾ, ಎನೆ ಗೊರಕೆ ಹೊಡೆಯುತ್ತಿದ್ದಾಳೋ ಏನೋ, ಎಲ್ಲರೂ ಮಲಗಿದ್ದಾರೆ, ನಾನೊಬ್ಬ ಎಚ್ಚರ, ನಾನು ಮತ್ತು ಈ ಬೆಟ್ಟ, ನಾನು ಮತ್ತು ಈ ಮುಳ್ಳು, ಎಂಥ ಚೆಂದ ಇಳಿಯುತ್ತಿದೆ, ಬಾ ನನ್ನ ರಾಜ

ತೆಂತಿಮಿಶ್!

ಯಾರು, ಹೊರಗೆ ಯಾರೂ ಇಲ್ಲ, ಹೆಂಗಸಿನ ದನಿ, ಈ ದನಿ ನನಗೆ ಗೊತ್ತಿಲ್ಲ, ತೆಂತಿಮಿಶ್, ನಿಲ್ಸು, ನಿಲ್ಸು, ಮಗು ನೋಡು — ನನ್ನ ಹೆಸರು, ಅವಳ ಬಾಯಲ್ಲಿ ನನ್ನ ಹೆಸರು, ನೆತ್ತಿಗೆ ಸುತ್ತಿಗೆ ಬಿದ್ದ ಹಾಗೆ, ಕೈ ತಾನಾಗಿ ಕೀಲಿಗೆ ಹೋಯಿತು, ಆಫ್, ಆಫ್ ಮಾಡಿಬಿಟ್ಟೆ, ಫ್ಯಾನು ನಿಂತಿತು, ಎಲ್ಲ ನಿಂತಿತು, ಅಷ್ಟು ಮೌನ, ಆ ಮೌನದಲ್ಲಿ ನೀರು ಕುದಿಯತೊಡಗಿದ್ದು ಕೇಳಿಸಿತು, ಗುಳು ಗುಳು, ಆಮೇಲೆ ಸುಯ್ಯೆಂದು ಆವಿ, ಕುದಿಯಲಿ, ಹಾಳಾಗಿ ಹೋಗಲಿ, ಹಿಂದೆ ತಿರುಗಿದೆ, ಜಿಬೆಕಳ ಮುಖ ಸುಣ್ಣದ ಹಾಗಾಗಿದೆ, ತೋಳಿನ ಮೇಲೆ ಮಗು ಹಿಂಡಿದ ಬಟ್ಟೆಯ ಹಾಗೆ ಬಿದ್ದಿದೆ, ಕೆಂಪು, ಅಷ್ಟು ಕೆಂಪು ನಾನು ನೋಡಿಲ್ಲ, ಬೆವರೂ ಇಲ್ಲ, ಕಣ್ಣು ಅರ್ಧ ತೆರೆದಿದೆ, ನನ್ನನ್ನು ನೋಡುತ್ತಿಲ್ಲ. ಹಾಲು ಕುಡೀತಿಲ್ಲ, ಕಣ್ಣು ತೆಗೀತಿಲ್ಲ, ಆವಾಗಿಂದ ಕೂಗ್ತಿದೀನಿ, ಆವಾಗಿಂದ, ನಿಮಗೆ ಕೇಳಿಸ್ತಿಲ್ಲ. ಎನೆಯ ಬಾಯಿ ತೆರೆದಿದೆ, ಗಾಳಿ ಎನ್ನಲು ಹೊರಟಿದ್ದಳೋ ಏನೋ, ಜಿಬೆಕ್ ಅವಳನ್ನು ನೋಡಲೂ ಇಲ್ಲ, ಕಾಲಿನಿಂದಲೇ ಬಾಗಿಲು ಒದ್ದಳು, ಆ ಬಾಗಿಲು ನನಗೇ ಎರಡು ಕೈ ಹಾಕಿದರೆ ತೆಗೆಯುವುದು, ಒಂದೇ ಒದೆತಕ್ಕೆ ತೆರೆಯಿತು, ಬೆಟ್ಟದ ಗಾಳಿ ಒಳಗೆ ನುಗ್ಗಿತು, ಎಂಥ ಗಾಳಿ, ಇಷ್ಟು ಹೊತ್ತು ತಗಡಿನ ಆಚೆಯೇ ಇತ್ತಲ್ಲ, ಬಾಗಿಲಾಚೆಯೇ ನಿಂತಿತ್ತಲ್ಲ, ಅವಳು ಕುರಿಗಳ ನಡುವೆ ಧುಮುಕಿದಳು, ವ್ಯಾನಿನ ನೆರಳಿನಲ್ಲಿ ಕುಕ್ಕರಿಸಿ ಹೊದಿಕೆ ಎಸೆದಳು, ಸುತ್ತಿದ ಬಟ್ಟೆ ಬಿಚ್ಚಿದಳು, ಒಂದು, ಎರಡು, ಇನ್ನೂ ಒಂದು, 

ಟೋಪಿ ಕಿತ್ತಳು, ನೆತ್ತಿ. ಏಳುತ್ತಿಲ್ಲ. ಗುಳಿ ಬಿದ್ದಿದೆ, ಬೆರಳಿಂದ ಒತ್ತಿದ ಹಿಟ್ಟಿನ ಹಾಗೆ ಒಳಗೆ ಹೋಗಿದೆ, ನಾನು ಅಲ್ಲೇ ಮೊಣಕಾಲೂರಿದೆ, ಮುಳ್ಳು ನೋಡುತ್ತಿದ್ದೆ ನಾನು, ಇಷ್ಟು ಹೊತ್ತೂ ಮುಳ್ಳು ನೋಡುತ್ತಿದ್ದೆ, ಕಬ್ಬಿಣದ ಜ್ವರವನ್ನು ಹೀರಿ ಹೀರಿ ಇವಳ ಮೇಲೆ ಊದುತ್ತಿದ್ದೆ, ಚೆಂದ ಇಳಿಯುತ್ತಿದೆ ಎಂದು ಮುದ್ದು ಮಾಡುತ್ತಿದ್ದೆ. ಪಕ್ಕಕ್ಕೆ ಸರ್ಕೋ ಎಂದು ಯಾರೋ ನನ್ನ ಭುಜ ತಳ್ಳಿದರು, ಎನೆ, ಯಾರ ಸಹಾಯವೂ ಇಲ್ಲದೆ ವ್ಯಾನಿನಿಂದ ಇಳಿದಿದ್ದಾಳೆ, ಕೋಲೂ ಇಲ್ಲ, ಎರಡು ಕೈಯಲ್ಲಿ ಕ್ಯಾನು, ಹಲ್ಲಿನಿಂದ ಗಂಟು ಬಿಚ್ಚುತ್ತಿದ್ದಾಳೆ, ಬಿಳಿ ಬಟ್ಟೆ ದೂಳಿನಲ್ಲಿ ಬಿತ್ತು, ಚಮಚ ಅದ್ದಿದಳು, ನೆತ್ತಿಯ ಮೇಲೆ ಅಲ್ಲ, ಹಣೆಯ ಮೇಲೆ, ಮೆಲ್ಲಗೆ, ಬುಗ್ಗೆಯ ನೀರು ಕಿವಿಯ ಹಿಂದೆ ಇಳಿಯಿತು, ಒಂದು ಎಂದಳು ಎನೆ, ಕತ್ತಿನ ಮೇಲೆ, ಎರಡು, ಎದೆಯ ಮೇಲೆ, ಕಂಕುಳಿಗೆ, ಜಿಬೆಕ್ ತನ್ನ ತಲೆಯ ಬಟ್ಟೆ ತೆಗೆದು ಬೀಸುತ್ತಿದ್ದಾಳೆ, ಎಲ್ಲರ ಮುಂದೆ ತಲೆಯ ಬಟ್ಟೆ ತೆಗೆದು, ಬೀಸು ಎಂದಳು ಎನೆ, ಇನ್ನೂ ಜೋರಾಗಿ ಬೀಸು ಮಗಳೇ, ಗಾಳಿ ಬರ್ಲಿ, ಎನೆಯ ಬಾಯಲ್ಲಿ ಗಾಳಿ ಬರಲಿ ಎಂಬ ಮಾತು, ಕಣ್ಣೀರು ಮೂಗಿನ ಪಕ್ಕ ಇಳಿದು ಅರ್ಧ ಹಲ್ಲುದುರಿದ ಬಾಯಿಗೆ ಹೋಗುತ್ತಿದೆ, ಎಣಿಕೆ ತಪ್ಪುತ್ತಿಲ್ಲ. ಮಜ್ಜಿಗೆಯ ಹೆಂಗಸು ಬಟ್ಟಲು ಬಿಸಾಕಿ ಓಡಿ ಬಂದಳು, ನಲವತ್ತಾ ಎನೆ, ಇವತ್ತು ನಲವತ್ತಾ, ಎಂದು ಕೇಳಿದವಳೇ ಚಮಚ ತೆಗೆದುಕೊಂಡಳು, ಒಂದು ಚಮಚ ಅವಳದು, ಮೂಳೆ ಗಟ್ಟಿಯಾಗ್ಲಿ ಕಂದ, ಡೇರೆಯ ಲಾರಿಯಿಂದ ಇಬ್ಬರು ಇಳಿದರು, ಹಿಂದಿನ ಕಾರಿನಿಂದ ಎತ್ತರದ ಚಪ್ಪಲಿಯ ಒಬ್ಬಳು, ಚಪ್ಪಲಿ ಕೈಯಲ್ಲಿ ಹಿಡಿದು, ಒಬ್ಬೊಬ್ಬರದೂ ಒಂದೊಂದು ಚಮಚ, ಉಸಿರು ತಂಪಾಗ್ಲಿ, ಆಯಸ್ಸು ಹರೀತಿರ್ಲಿ, ಕುರಿಗಳು ಬಂದು ಈ ಹೆಂಗಸರ ಗುಂಪಿನ ಎರಡೂ ಪಕ್ಕ ಸೀಳಿ ಹೋಗುತ್ತಿವೆ, ಒಂದೂ ತುಳಿಯುತ್ತಿಲ್ಲ, ಕೆಂಪು ಬೆನ್ನು, ನೀಲಿ ಬೆನ್ನು, ಹಿಂದೆ ನನ್ನ ಬ್ರೆಡ್ಡು ಆವಿ ಕಾರುತ್ತ ನಿಂತಿದೆ, ಕುದುರೆಯ ಮುದುಕ ಟೋಪಿ ತೆಗೆದು ಮಂದೆಯನ್ನು ತಡೆದ, ಯಾರೂ ಹಾರ್ನ್ ಹೊಡೆಯಲಿಲ್ಲ, ಇಡೀ ಘಾಟಿ ನಿಂತಿತು, ಬೆಟ್ಟ ಕೂಡ ಬಗ್ಗಿ ನೋಡುತ್ತಿದೆ ಅನ್ನಿಸಿತು, ದೇವರೇ, ಇಷ್ಟು ಜನ, ಇಷ್ಟು ದೊಡ್ಡ ಬೆಟ್ಟ, ಒಂದು ಬೆರಳಗಲದ ಗುಳಿ.

ಎಷ್ಟನೆಯ ಚಮಚವೋ, ತುಟಿ ಅಲುಗಿತು. ಇನ್ನೊಂದು ಚಮಚ, ಕಾಲು ಒದ್ದಿತು, ಆಮೇಲೆ ಬಾಯಿ ತೆರೆಯಿತು, ದನಿಯಿಲ್ಲ, ದನಿಯಿಲ್ಲ, ಅಳು, ಅಳು ಬಂತು, ಸಿಟ್ಟಿನ ಅಳು, ಎಂಥ ಅಳು ಅದು, ಅಷ್ಟೂ ಕುರಿ ತಲೆ ಎತ್ತಿದವು, ಬೈಯ್ಯಿ ನನ್ನಮ್ಮ, ನಿಮ್ಮಜ್ಜನ್ನ ಬೈಯ್ಯಿ ಎಂದಳು ಮಜ್ಜಿಗೆಯವಳು, ಎಲ್ಲರೂ ನಕ್ಕರು, ಎಲ್ಲರೂ ಅತ್ತರು, ಜಿಬೆಕ್ ಎದೆಗೆ ಹಚ್ಚಿಕೊಂಡಳು, ನಾನು ಮುಖ ತಿರುಗಿಸಿದೆ, ತಿರುಗಿಸಿದ ಮೇಲೂ ಕೇಳಿಸಿತು, ಗುಟುಕು, ಉಸಿರು, ಗುಟುಕು. ಅವಳು ಹಾಲು ಕೊಡುತ್ತ ಬಿಕ್ಕುತ್ತಿದ್ದಾಳೆ, ಹೆಸರು ಹಿಡಿದು ಕೂಗ್ಬಿಟ್ಟೆ ಎನೆ, ಅತಾನ ಹೆಸರು ಬಾಯಿಗೆ ಬಂದ್ಬಿಡ್ತು. ಎನೆ ನೆಲದ ಮೇಲೇ ಕೂತಿದ್ದಾಳೆ, ಕಾಲು ಚಾಚಿಕೊಂಡು, ನಲವತ್ತು ಚಮಚ ಹೊಯ್ದು ಮುಗಿಸಿದ ಕ್ಯಾನು ಮಡಿಲಲ್ಲಿ, ಅಳ್ಬೇಡ, ಆ ಹೆಸರು ಇವನಿಗೆ ಇಟ್ಟವಳು ನಾನು, ನಾನ್ ಹೇಳ್ತೀನಿ, ಕೂಗು, ಬೇಕಾದಾಗೆಲ್ಲ ಕೂಗು, ಕಿವುಡ ಅವನು, ಎಂದಳು, ಆಮೇಲೆ ಬಹಳ ಸಣ್ಣ ದನಿಯಲ್ಲಿ, ಅವತ್ತು, ನನ್ನ ಆ ಹೆಣ್ಣುಕೂಸಿಗೆ ಹಿಂಗಾದಾಗ, ನಾನು ಯಾರನ್ನೂ ಕೂಗ್ಲಿಲ್ಲ, ಕೂಗೋ ಹಾಗಿರ್ಲಿಲ್ಲ, ಕುದುರೆ ಮುಂದೆ ನನ್ನ ಮಾವ ಹೋಗ್ತಿದ್ರು. ಗಾಳಿ ಅಲ್ಲವೇ ಎನೆ, ಹಾಗಾದರೆ ಅವತ್ತು ಗಾಳಿಯೊಂದೇ ಅಲ್ಲವೇ, ಕೇಳಲಿಲ್ಲ ನಾನು, ಅವಳ ಕೈ ಹಿಡಿದು ಎಬ್ಬಿಸಿದೆ, ಎಷ್ಟು ಹಗುರ, ಎಷ್ಟೊಂದು ವರ್ಷ ಅಷ್ಟು ಭಾರ ಹೊತ್ತವಳು ಇಷ್ಟು ಹಗುರ.

ಕಲ್ಲಿದ್ದಲಿನ ಹುಡುಗ ತನ್ನ ನೀರಿನ ಕ್ಯಾನು ಹಿಡಿದು ಆವಾಗಿನಿಂದ ನಿಂತಿದ್ದಾನೆ, ತಮಾಷೆ ಮಾಡುತ್ತಿಲ್ಲ, ಬಾಯ್ಕೆ, ತಣ್ಣಗಾಗ್ಲಿ, ಆಮೇಲೆ ಹಾಕೋಣ, ಸ್ವಲ್ಪ ಸ್ವಲ್ಪವಾಗಿ. ಹೂಂ ಅಂದೆ, ಬೇಡ ಅನ್ನಲಿಲ್ಲ, ಎಂಜಿನ್ನಿನ ಪೆಟ್ಟಿಗೆ ತೆಗೆದೆ, ಕಾದೆವು, ಕೈ ಇಟ್ಟರೆ ಸುಡದಷ್ಟು ಆದ ಮೇಲೆ ಮುಚ್ಚಳಕ್ಕೆ ಬಟ್ಟೆ ಸುತ್ತಿ ತಿರುಗಿಸಿದೆ, ಅವನು ಸುರಿದ, ಕುರಿಯ ಮುದುಕ ಒಂದು ಬಾಟಲಿ ಕೊಟ್ಟ, ಹಿಂದಿನ ಕಾರಿನವರು ಕೊಟ್ಟರು, ಎಲ್ಲರ ನೀರೂ ಒಂದೇ ಹೊಟ್ಟೆಗೆ ಹೋಯಿತು, ಕಬ್ಬಿಣದ ಎಮ್ಮೆ ಕುಡಿಯಿತು, ಕೀಲಿ ತಿರುಗಿಸಿದೆ, ಓ ಎಂದಿತು, ಮುನಿಸಿಲ್ಲ, ಹಳೆಯ ಜೀವ. ಹೀಟರಿನ ಗುಂಡಿ ಮುಟ್ಟಲಿಲ್ಲ, ಗಾಜುಗಳನ್ನೆಲ್ಲ ಎನೆಯೇ ಸರಿಸಿದಳು, ಸರಿಯದ ಒಂದನ್ನು ಮುಷ್ಟಿಯಿಂದ ಗುದ್ದಿ ಸರಿಸಿದಳು, ಕುದಿದರೆ ನಿಲ್ಲೋಣ, ತಣ್ಣಗಾದ ಮೇಲೆ ಹೋಗೋಣ, ಕುಬಾತ್ ಕಾಯಲಿ, ನೆಂಟರು ಕಾಯಲಿ, ನೀರು ಹೊಯ್ದು ಆಯಿತಲ್ಲ, ಅಂಗಿ ಮಾತ್ರ ಬಾಕಿ. ಕ್ಲಚ್ಚು ತುಳಿದೆ, ಆಗ ಹಿಂದಿನಿಂದ ಆ ದನಿ, ಈಗ ನನಗೆ ಗೊತ್ತಿರುವ ದನಿ, ನೆಲ ನೋಡದ ದನಿ, ಅತಾ, ಕನ್ನಡಿ ಇಳಿಸಿ, ಇವಳು ನಿಮಗೆ ಕಾಣ್ತಾ ಇರ್ಲಿ. ಕೈ ಎತ್ತಿದೆ, ಕನ್ನಡಿಯಲ್ಲಿ ತಗಡು, ಮೊಳೆ, ಹಾಲಿನ ಕಲೆ, ಎನೆಯ ಬಿಳಿ ತಲೆಬಟ್ಟೆ, ಜಿಬೆಕಳ ಭುಜ, ಅಲ್ಲಿ ನಿಲ್ಲಿಸಿದೆ. ಲಾರಿ ಸರಿಯಿತು, ಜಾಗ ಆಯಿತು, ಒಂದೇ ಸಲ ಹೋದೆ, ತಿರುವಿನಲ್ಲಿ ಗಾಳಿ ಸಿಕ್ಕಿತು, ಬೆಟ್ಟ ಎದ್ದು ನಿಂತಿತು, ಹಿಮ, ನೀಲಿ, ನೋಡಲಿಲ್ಲ, ಮುಳ್ಳು ಎಲ್ಲಿತ್ತೋ, ನೋಡಲಿಲ್ಲ, ಕನ್ನಡಿಯಲ್ಲಿ ಒದ್ದೆ ಕೂದಲು, ಕೂದಲ ನಡುವೆ ಬೆರಳ ತುದಿಯಷ್ಟು ಜಾಗ, ಮೂಳೆಯಿಲ್ಲ, ಮುಚ್ಚಳವಿಲ್ಲ, ಬರೀ ಚರ್ಮ, ಏಳುತ್ತದೆ, ಇಳಿಯುತ್ತದೆ, ಏಳುತ್ತದೆ